ಹುಲ್ಲು ನೋಡಿ ಗುಡ್ಡಕ್ಕೆ ಬನ್ನಿ

ಕುದುರೆಮುಖಕ್ಕೆ ಯಾವಾಗ ಬಂದರೆ ಒಳ್ಳೆಯದು ಎಂದು ನಮ್ಮ ಮನೆಯಲ್ಲಿ ಕೇಳಿದರೆ ಮೂರು ಉತ್ತರ ಸಿಗುತ್ತವೆ. ಸಂಸೆಯಿಂದ ಮುಳ್ಳೋಡಿಗೆ ಜೀಪು ಓಡಿಸುವ ಮೈದುನ ‘ಜುಲೈ, ಆಗಸ್ಟ್’ ಎನ್ನುತ್ತಾನೆ. ಅವನ ಜೀಪು ತುಂಬುವುದು ಆಗಲೇ. ಅತ್ತೆ ಗೋಡೆಯ ಕ್ಯಾಲೆಂಡರಿನಲ್ಲಿ ಮಳೆ ನಕ್ಷತ್ರಗಳ ಸಾಲಿಗೆ ಬೆರಳಿಟ್ಟು ‘ಹಸ್ತಾ ಮಳೆ ಒಂದ್ ಮುಗೀಲಿ’ ಎನ್ನುತ್ತಾರೆ. ಬೆಂಗಳೂರಿನ ನೆಂಟರೆಂದರೆ ಅಷ್ಟಕ್ಕಷ್ಟೇ ಆಗಿರುವ ನನ್ನ ಗಂಡ ‘ಬರ್ಲೇಬೇಕಂತಾ?’ ಎಂದು ಕೇಳುತ್ತಾರೆ.

ನಾನು ಮಾತ್ರ ಫೋನ್ ಮಾಡಿದವರಿಗೆಲ್ಲ ಹುಲ್ಲಿನ ಕಥೆ ಹೇಳುತ್ತೇನೆ. ಕೆಲವರು ನಗುತ್ತಾರೆ, ಕೆಲವರು ‘ಅದೆಲ್ಲ ಸರಿ, ಡೇಟ್ ಹೇಳಿ’ ಎನ್ನುತ್ತಾರೆ. ಡೇಟನ್ನೂ ಹೇಳುತ್ತೇನೆ, ಆದರೆ ಕೊನೆಗೆ. ಈ ಗುಡ್ಡಗಳ ಮೇಲೆ ಹುಲ್ಲು ಯಾವಾಗ ಚಿಗುರುತ್ತದೆ, ಯಾವಾಗ ಆಳೆತ್ತರ ನಿಲ್ಲುತ್ತದೆ, ಯಾವಾಗ ಒಣಗಿ ಕಿಡಿಗಾಗಿ ಕಾದಿರುತ್ತದೆ ಎಂಬುದು ಗೊತ್ತಿದ್ದರೆ ನೀರೆಷ್ಟಿದೆ, ಮಂಜೆಷ್ಟಿದೆ, ದಾರಿ ತೆರೆದಿದೆಯೋ ಮುಚ್ಚಿದೆಯೋ ಎಲ್ಲವನ್ನೂ ಊಹಿಸಬಹುದು.

ನಾನು ಹುಟ್ಟಿ ಬೆಳೆದದ್ದು ಈಗಿನ ರಾಷ್ಟ್ರೀಯ ಉದ್ಯಾನದ ನಡುಮಧ್ಯೆ, ಕುದುರೆಮುಖ ಟೌನ್‌ಶಿಪ್‌ನಲ್ಲಿ. ಹಳೆಯವರು ಆ ಜಾಗವನ್ನು ಮಲ್ಲೇಶ್ವರ ಎನ್ನುತ್ತಾರೆ. ಅಪ್ಪ ಕಬ್ಬಿಣದ ಅದಿರು ಕಂಪನಿಯ ನೌಕರರಾಗಿದ್ದರು. ಭೂವಿಜ್ಞಾನಿ ಸಂಪತ್ ಅಯ್ಯಂಗಾರ್ ಇಲ್ಲಿನ ಅದಿರನ್ನು ಗುರುತಿಸಿದ್ದು 1913ರಲ್ಲಿ. ಕಂಪನಿ ಹುಟ್ಟಿದ್ದು 1976ರಲ್ಲಿ. ಅದಿರಿನ ಪುಡಿ ನೀರಿನ ಜೊತೆ ಕೊಳವೆಯಲ್ಲಿ ಹರಿದು ಘಟ್ಟ ಇಳಿದು ಸುಮಾರು 67 ಕಿಲೋಮೀಟರ್ ದೂರದ ಮಂಗಳೂರು ಬಂದರಿಗೆ ಹೋಗುತ್ತಿತ್ತು. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಡಿಸೆಂಬರ್ 31ಕ್ಕೆ ಗಣಿ ನಿಂತಿತು. ಊರು ಖಾಲಿಯಾಯಿತು. ನಾನು ಮದುವೆಯಾಗಿ ಬಂದದ್ದು ಅಲ್ಲಿಂದ ಹೆಚ್ಚು ದೂರವಿಲ್ಲದ ಸಂಸೆಗೆ, ಹಾಗಾಗಿ ಅದೇ ಗುಡ್ಡಗಳನ್ನು ಈಗ ಇನ್ನೊಂದು ಮಗ್ಗುಲಿನಿಂದ ನೋಡುತ್ತಿದ್ದೇನೆ.

ಮೊದಲು ಮಳೆಯ ವಿಷಯ. ಅರಬ್ಬಿ ಸಮುದ್ರದಿಂದ ನೀರು ಹೊತ್ತು ಬರುವ ಗಾಳಿಗೆ ಕಾರ್ಕಳ ದಾಟುವವರೆಗೂ ಅಡ್ಡಿ ಇಲ್ಲ. ಬಜಗೋಳಿ, ಮಾಳ ಕಳೆದ ಮೇಲೆ ಗೋಡೆ ಎದ್ದು ನಿಲ್ಲುತ್ತದೆ. ಕುದುರೆಮುಖದ ತುದಿ 1,894 ಮೀಟರ್. ಗಾಳಿ ಆ ಗೋಡೆ ಹತ್ತುತ್ತಾ ತಣ್ಣಗಾಗಿ ಹೊತ್ತ ನೀರನ್ನೆಲ್ಲ ಇಲ್ಲೇ ಇಳಿಸಿಬಿಡುತ್ತದೆ. ವರ್ಷಕ್ಕೆ 7,000 ಮಿಲಿಮೀಟರ್ ಆಸುಪಾಸು. ಇದೇ ಜಿಲ್ಲೆಯ ಕೇಂದ್ರ ಚಿಕ್ಕಮಗಳೂರು ಪಟ್ಟಣದಲ್ಲಿ ಇದರ ಅರ್ಧವೂ ಬೀಳುವುದಿಲ್ಲ. ಆದ್ದರಿಂದ ‘ಚಿಕ್ಕಮಗಳೂರಲ್ಲಿ ಬಿಸಿಲಿದೆಯಂತೆ’ ಎಂಬ ಸುದ್ದಿ ನಂಬಿ ಕುದುರೆಮುಖಕ್ಕೆ ಹೊರಡಬೇಡಿ. ಅಷ್ಟೇಕೆ, ಘಟ್ಟದ ಅಂಚಿನ ಎಸ್‌.ಕೆ. ಬಾರ್ಡರಿನಲ್ಲಿ ಎದುರಿನ ವಾಹನ ಕಾಣದಷ್ಟು ಮಂಜಿರುವಾಗ ಕಳಸದಲ್ಲಿ ಅಡಿಕೆ ಒಣಹಾಕಿರುತ್ತಾರೆ. ಘಟ್ಟದ ಅಂಚಿಗೆ ಹತ್ತಿರವಾದಷ್ಟೂ ಮೋಡ ಹೆಚ್ಚು. ಪೂರ್ವಕ್ಕೆ ಸರಿದಂತೆ ಹೊಳವು.

ಇಷ್ಟು ಮಳೆ ಬಿದ್ದರೂ ಗುಡ್ಡದ ನೆತ್ತಿಯ ಮೇಲೆ ಮರವಿಲ್ಲ, ಬರೀ ಹುಲ್ಲು. ಮರಗಳೆಲ್ಲ ಗುಡ್ಡದ ಮಡಿಕೆಗಳಲ್ಲಿ, ಗಾಳಿ ತಾಗದ ಕಣಿವೆಗಳಲ್ಲಿ ಒತ್ತೊತ್ತಾಗಿ ನಿಂತಿರುತ್ತವೆ. ಅದಕ್ಕೇ ಶೋಲಾ ಎನ್ನುವುದು. ಹುಲ್ಲೂ ಶೋಲಾವೂ ಸೇರಿ ಮಳೆನೀರು ಹಿಡಿದಿಟ್ಟು ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವೇ ಬಿಡುತ್ತವೆ. ತುಂಗೆ ಮತ್ತು ಭದ್ರೆ ಹುಟ್ಟುವ ಗಂಗಾಮೂಲ ಇರುವುದು ಈ ಉದ್ಯಾನದೊಳಗೇ. ಜನವರಿಯಲ್ಲಿ ನೀವು ದಾಟುವ ತೊರೆಯಲ್ಲಿ ಹರಿಯುವುದು ಆಗಸ್ಟಿನ ಮಳೆ.

1980ರ ದಶಕದಲ್ಲಿ ಕೆ. ಉಲ್ಲಾಸ ಕಾರಂತರು ಇಲ್ಲಿನ ಸಿಂಗಳೀಕಗಳ ಸಮೀಕ್ಷೆ ನಡೆಸಿದ ಮೇಲೆ ಇದನ್ನು ರಾಷ್ಟ್ರೀಯ ಉದ್ಯಾನ ಮಾಡುವ ಮಾತು ಗಟ್ಟಿಯಾಯಿತು, ಘೋಷಣೆಯಾದದ್ದು 1987ರಲ್ಲಿ. ಸುಮಾರು 600 ಚದರ ಕಿಲೋಮೀಟರ್. ಚಿಕ್ಕಮಗಳೂರು, ಉಡುಪಿ, ದಕ್ಷಿಣ ಕನ್ನಡ ಮೂರಕ್ಕೂ ಸೇರಿದೆ. 2012ರಲ್ಲಿ ಯುನೆಸ್ಕೋ ಪಶ್ಚಿಮ ಘಟ್ಟಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಇದೂ ಸೇರಿತು. ಪಟ್ಟಿಗೆ ಸೇರಿದ ಮೇಲೆ ಬರುವವರು ಹೆಚ್ಚಾದರು ಎಂದು ಮೈದುನ ಹೇಳುತ್ತಾನೆ. ನನಗನ್ನಿಸುವುದು, ಹೆಚ್ಚಿಸಿದ್ದು ಯುನೆಸ್ಕೋ ಅಲ್ಲ, ಮೊಬೈಲು.

ಆ ಮೊಬೈಲಿನಲ್ಲಿ ಕಾಣುವ ಕುದುರೆಮುಖ ಯಾವಾಗಲೂ ಹಸಿರು. ಹಾಗಾಗಿ ಮಳೆಗಾಲದಲ್ಲೇ ಜನ. ಜೂನ್ ಎರಡನೇ ವಾರ ಮೃಗಶಿರಾ ಮಳೆ ಹಿಡಿದರೆ ಗುಡ್ಡ ಬಣ್ಣ ಬದಲಿಸಲು ಹೆಚ್ಚು ದಿನ ಬೇಡ. ಜೂನ್ 22ರ ಹೊತ್ತಿಗೆ ಆರಿದ್ರಾ ಬರುವಾಗ ಹುಲ್ಲು ಪಾದ ಮುಚ್ಚುವಷ್ಟು, ಜುಲೈಯ ಪುನರ್ವಸು, ಪುಷ್ಯ ಮಳೆಗಳಿಗೆ ಮೊಣಕಾಲು, ಆಗಸ್ಟಿನಲ್ಲಿ ಸೊಂಟ. ಶುಕ್ರವಾರ ರಾತ್ರಿ ಬೆಂಗಳೂರು ಬಿಟ್ಟ ಮಿನಿಬಸ್ಸುಗಳು ಶನಿವಾರ ಬೆಳಗಿನ ಜಾವ ಸಂಸೆಯ ರಸ್ತೆಯಲ್ಲಿ ಸಾಲುಗಟ್ಟುತ್ತವೆ. ಮುಳ್ಳೋಡಿಯ ತನಕ ಜೀಪು, ಅಲ್ಲಿಂದ ಮೇಲೆ ನಡಿಗೆ. ಹೋಗಿಬರಲು 18ರಿಂದ 20 ಕಿಲೋಮೀಟರ್, ದಾರಿಯುದ್ದಕ್ಕೂ ತೊರೆಗಳು. ಒಂಟಿಮರ ದಾಟಿ ದಿಬ್ಬ ಏರಿದ ಮೇಲೆ ಮುಂದೆ ನಡೆಯುವವರ ಬೆನ್ನಷ್ಟೇ ಕಾಣುತ್ತದೆ.

ಇವರಿಗೆ ಬರಬೇಡಿ ಎನ್ನಲು ನನಗೆ ಬಾಯಿ ಬರುವುದಿಲ್ಲ, ಮೈದುನನ ಸಾಲದ ಕಂತು ಇವರಿಂದಲೇ ಕಟ್ಟುವುದು. ಆದರೆ ಜುಲೈಯಲ್ಲಿ ಬಂದು ‘ತುದಿಯಿಂದ ಏನೂ ಕಾಣಲಿಲ್ಲ’ ಎಂದು ಬೇಸರಿಸುವವರ ಬೇಸರ ನನಗೆ ಅರ್ಥವಾಗುವುದಿಲ್ಲ. ಮೋಡದ ಒಳಗೆ ನಿಂತವರಿಗೆ ಕಾಣುವುದು ಮೋಡವೇ. ಹಸಿರು ಬೇಕು, ನೋಟವೂ ಬೇಕು, ಮಳೆ ಮಾತ್ರ ಬೇಡ ಎಂದರೆ ಜುಲೈ ಅದಕ್ಕೆ ಹುಟ್ಟಿದ ತಿಂಗಳಲ್ಲ. ಒಂದೇ ದಿನಕ್ಕೆ 200 ಮಿಲಿಮೀಟರ್ ದಾಟುವ ಮಳೆ ಇಲ್ಲಿ ಅಪರೂಪವಲ್ಲ. ಅಂಥ ದಿನ ಬೆಳಿಗ್ಗೆ ಹಿಮ್ಮಡಿ ನೆನೆಯುವಷ್ಟಿದ್ದ ತೊರೆ ಮಧ್ಯಾಹ್ನ ವಾಪಸು ಬರುವಾಗ ತೊಡೆಯವರೆಗೆ ಬಂದಿರುತ್ತದೆ. ನಮ್ಮ ಕಡೆಯವರು ಅಂಥ ತೊರೆಯ ಮುಂದೆ ಕೂತು ಕಾಯುತ್ತಾರೆ, ದಾಟುವುದಿಲ್ಲ. ಹೊರಗಿನವರಿಗೆ ಬಸ್ಸಿನ ಹೊತ್ತು ಮೀರುತ್ತಿರುತ್ತದೆ. ಅರಣ್ಯ ಇಲಾಖೆ, ಜಿಲ್ಲಾಡಳಿತ ಜೋರುಮಳೆಗೆ ಚಾರಣ ನಿಲ್ಲಿಸುವುದೂ ಉಂಟು. ಮುಂಗಡ ಕೊಟ್ಟವರು ಆಗ ಸಿಟ್ಟಾಗುತ್ತಾರೆ. ಕಳಸದಿಂದ ಹೊರನಾಡಿಗೆ ಹೋಗುವ ದಾರಿಯಲ್ಲಿ ಭದ್ರೆಯ ಮೇಲಿನ ಹೆಬ್ಬಾಳೆ ಸೇತುವೆ ಮಳೆಗಾಲದಲ್ಲಿ ಮುಳುಗುವುದು ನಮಗೆ ಹಬ್ಬ ಬಂದಷ್ಟೇ ಮಾಮೂಲಿ. ಅದು ಮುಳುಗಿತು ಎಂದು ಪತ್ರಿಕೆಯಲ್ಲಿ ಬಂದರೆ ಅಷ್ಟೇ ಸಾಕು, ಆ ವಾರದ ಯೋಜನೆ ಬದಲಿಸಿ. ಹವಾಮಾನದ ಆಪ್‌ಗಳಿಗಿಂತ ಆ ಸೇತುವೆಯನ್ನು ನಾನು ಹೆಚ್ಚು ನಂಬುತ್ತೇನೆ.

ಇಂಬಳದ ಬಗ್ಗೆ ಕೇಳದವರಿಲ್ಲ. ಹೌದು, ಇರುತ್ತವೆ. ಜೂನ್‌ನಿಂದ ಅಕ್ಟೋಬರ್ ಅರ್ಧದವರೆಗೆ ಹುಲ್ಲಿನ ತುದಿಯಲ್ಲಿ, ಎಲೆಯಡಿ, ಕಾಲುದಾರಿಯ ಅಂಚಿನಲ್ಲಿ ತಲೆಯೆತ್ತಿ ಕಾದಿರುತ್ತವೆ. ಕಚ್ಚಿದ್ದು ಗೊತ್ತಾಗುವುದಿಲ್ಲ, ರಕ್ತ ಹೆಪ್ಪುಗಟ್ಟದಂತೆ ಮಾಡುವ ರಸ ಬಿಡುವುದರಿಂದ ಅದು ಬಿದ್ದುಹೋದ ಮೇಲೂ ರಕ್ತ ಇಳಿಯುತ್ತಲೇ ಇರುತ್ತದೆ, ನೋಡಿದವರು ಹೆದರುತ್ತಾರೆ. ಅತ್ತೆ ಹೊಗೆಸೊಪ್ಪು ಮತ್ತು ಸುಣ್ಣ ತಿಕ್ಕಿದ ಬಟ್ಟೆಯನ್ನು ಕಣಕಾಲಿಗೆ ಸುತ್ತಿ ತೋಟಕ್ಕೆ ಇಳಿಯುತ್ತಾರೆ. ನೀವು ಪ್ಯಾಂಟಿನ ತುದಿಯನ್ನು ಉದ್ದ ಕಾಲುಚೀಲದೊಳಗೆ ತುರುಕಿಕೊಂಡರೆ ಅರ್ಧ ಕೆಲಸ ಆಯಿತು. ಹತ್ತಿದ್ದನ್ನು ಉಗುರಿನಿಂದ ಪಕ್ಕಕ್ಕೆ ತಳ್ಳಿ ಬಿಡಿಸಿ, ಕೆರೆಯಬೇಡಿ. ಇಂಬಳಕ್ಕೆ ಹೆದರಿ ಮಳೆಗಾಲ ಬಿಡುವುದು ದಡ್ಡತನ ಅಂತಲೇ ನನ್ನ ಅಭಿಪ್ರಾಯ. ಬಿಡುವುದಾದರೆ ತೊರೆಗೆ ಹೆದರಿ ಬಿಡಿ.

ನಿಜಕ್ಕೂ ಮಳೆಗಾಲವೇ ಬೇಕೆನ್ನುವವರಿಗೆ ನಾನು ಬೇರೆ ದಾರಿ ಹೇಳುತ್ತೇನೆ: ತುದಿಯ ಆಸೆ ಬಿಡಿ. ಕಾರ್ಕಳದಿಂದ ಮಾಳ ಘಾಟಿ ಹತ್ತಿ ಎಸ್‌.ಕೆ. ಬಾರ್ಡರ್, ಅಲ್ಲಿಂದ ಕುದುರೆಮುಖ, ಸಂಸೆ, ಕಳಸ. ಇದು ಕಾಡಿನ ನಡುವಿನ ಹೆದ್ದಾರಿ. ಚೆಕ್‌ಪೋಸ್ಟಿನಲ್ಲಿ ಹೊತ್ತು ಬರೆದ ಚೀಟಿ ಕೊಡುತ್ತಾರೆ, ಕಂಡಕಂಡಲ್ಲಿ ನಿಲ್ಲಿಸಿ ಫೋಟೋ ತೆಗೆಯುವಂತಿಲ್ಲ. ನಿಲ್ಲಿಸದಿದ್ದರೂ ರಸ್ತೆಬದಿಯ ಕಡಾಂಬಿ ಜಲಪಾತ ಕಾರಿನ ಕಿಟಕಿಗೇ ಸಿಡಿಯುತ್ತದೆ. ಹನುಮನಗುಂಡಿಯಲ್ಲಿ, ಅಂದರೆ ಸೂತನಬ್ಬಿಯಲ್ಲಿ, ಟಿಕೆಟ್ ಪಡೆದು ಮೆಟ್ಟಿಲಿಳಿದು ಹೋಗಬಹುದು. ನೀರು ಜೋರಿದ್ದರೆ ಬಿಡುವುದಿಲ್ಲ, ಬಿಡಬಾರದು ಕೂಡ. ಚಿಕ್ಕಂದಿನಲ್ಲಿ ಒಗೆದ ಯೂನಿಫಾರಂ ಮೂರು ದಿನವಾದರೂ ಒಣಗದೆ, ಅಮ್ಮ ಇಸ್ತ್ರಿಪೆಟ್ಟಿಗೆ ಒತ್ತಿ ಒತ್ತಿ ಹಬೆ ಏಳಿಸಿ ಒಣಗಿಸುತ್ತಿದ್ದಳು. ಅಂಥ ದಿನಗಳಲ್ಲಿ ಕಿಟಕಿಯೊಳಗಿನಿಂದ ಗುಡ್ಡ ನೋಡುವುದೇ ಸುಖ ಎಂದು ಆಗಲೇ ಕಲಿತೆ.

ಇನ್ನು ಇದರ ತದ್ವಿರುದ್ಧದ ಕಾಲ. ಸಂಕ್ರಾಂತಿ ಕಳೆದರೆ ಹುಲ್ಲು ಪೂರ್ತಿ ಒಣಗಿ ಕರಡವಾಗುತ್ತದೆ. ಘಟ್ಟದ ಕೆಳಗಿನವರು ಇದೇ ಬಗೆಯದನ್ನು ಮುಳಿಹುಲ್ಲು ಎಂದು ಕೊಯ್ದು ಹಿಂದೆ ಮನೆಗೆ ಹೊದಿಸುತ್ತಿದ್ದರು. ಬೆಳಗಿನ ಇಬ್ಬನಿ ಆರಿದ ಮೇಲೆ ಒಂದು ಬೀಡಿ ತುಂಡು ಸಾಕು. ಹಿಡಿದ ಬೆಂಕಿ ಗಾಳಿಯ ಜೊತೆ ಇಳಿಜಾರಿನಲ್ಲಿ ಮೇಲಕ್ಕೆ ಓಡುವ ವೇಗಕ್ಕೆ ಮನುಷ್ಯ ಓಡಲಾರ. ಇದು ಮೈದುನ ಹೇಳಿದ್ದಲ್ಲ, ನಾನು ಹುಡುಗಿಯಾಗಿದ್ದಾಗ ಕ್ವಾರ್ಟರ್ಸಿನ ಹಿತ್ತಲಿನಿಂದ ನೋಡಿದ್ದು: ರಾತ್ರಿ ಎದುರಿನ ಗುಡ್ಡದಲ್ಲಿ ಕೆಂಪು ದಾರದಂತಹ ಗೆರೆ, ಬೆಳಿಗ್ಗೆ ಎದ್ದರೆ ಗುಡ್ಡವೇ ಕಪ್ಪು. ಚಳಿಗಾಲದಲ್ಲೇ ಇಲಾಖೆಯವರು ಹುಲ್ಲು ಸವರಿ ಬೆಂಕಿರೇಖೆ ಮಾಡುತ್ತಾರೆ. ಫೆಬ್ರವರಿಯ ಹೊತ್ತಿಗೆ ಸಾಮಾನ್ಯವಾಗಿ ಚಾರಣ ಮುಚ್ಚುತ್ತಾರೆ. ಮಳೆ ಹನಿಯುವವರೆಗೂ ತೆರೆಯುವುದು ಅನುಮಾನ. ತಾರೀಖು ವರ್ಷದಿಂದ ವರ್ಷಕ್ಕೆ ಹಿಂದೆಮುಂದೆ ಆಗುತ್ತದೆ. ‘ಯಾರನ್ನಾದರೂ ಹಿಡಿದು ಬಿಡಿಸಿಕೊಡಿ’ ಎಂದು ನನ್ನನ್ನು ಕೇಳಿದವರಿದ್ದಾರೆ. ಇಂಥವರಿಗೆ ಫೋನ್ ಇಡುವುದಷ್ಟೇ ಉತ್ತರ.

ಒಣಗಾಲದ ಇನ್ನೊಂದು ಸಂಗತಿಯನ್ನು ಪ್ರವಾಸಿ ಪುಸ್ತಕಗಳು ಬರೆಯುವುದಿಲ್ಲ. ಮಂಗನ ಕಾಯಿಲೆ. ಶಿವಮೊಗ್ಗ ಜಿಲ್ಲೆ ಸೊರಬದ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮೊದಲು ಪತ್ತೆಯಾದ ಈ ಜ್ವರವನ್ನು ಹರಡುವುದು ಸೊಳ್ಳೆಯಲ್ಲ, ಉಣುಗು. ಡಿಸೆಂಬರಿನಿಂದ ಮೇವರೆಗೆ ತರಗೆಲೆಯ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಮರಿ ಉಣುಗುಗಳು ಓಡಾಡುತ್ತಿರುತ್ತವೆ. ನಮಗೆ ದೂರವಲ್ಲದ ಕೊಪ್ಪ, ಶೃಂಗೇರಿ ಕಡೆ ಇತ್ತೀಚಿನ ವರ್ಷಗಳಲ್ಲೂ ಕಾಣಿಸಿಕೊಂಡಿದೆ. ಹೆದರಿ ಮನೆಯಲ್ಲಿ ಕೂರಬೇಕಿಲ್ಲ. ಕಾಡಿನ ನೆಲದಲ್ಲಿ ಕೂರಬೇಡಿ, ಮಲಗಬೇಡಿ, ತುಂಬುತೋಳಿನ ಅಂಗಿ ಹಾಕಿ, ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೋ ಅರಣ್ಯದವರಿಗೋ ತಿಳಿಸಿ. ಮನೆಗೆ ಬಂದೊಡನೆ ಬಿಸಿನೀರಿನ ಸ್ನಾನ, ಹಾಕಿದ ಬಟ್ಟೆ ನೆನೆಸುವುದು. ಒಂದೆರಡು ವಾರದೊಳಗೆ ಜ್ವರ ಬಂದರೆ ಮಲೆನಾಡಿಗೆ ಹೋಗಿದ್ದೆ ಎಂದು ವೈದ್ಯರಿಗೆ ಮೊದಲೇ ಹೇಳಿಬಿಡಿ. ಇಂಬಳಕ್ಕೆ ಕಿರುಚುವವರು ಉಣುಗನ್ನು ಲೆಕ್ಕಕ್ಕೇ ಇಡುವುದಿಲ್ಲ. ನನಗೆ ಇದು ಪೂರ್ತಿ ಉಲ್ಟಾ ಅನಿಸುತ್ತದೆ.

ಮಕ್ಕಳಿಗೆ ರಜೆ ಇರುವುದು ಏಪ್ರಿಲ್, ಮೇಯಲ್ಲಿ ತಾನೇ, ಆಗ ಏನು ಮಾಡೋಣ ಎಂಬುದು ತಂದೆತಾಯಿಯರ ಪ್ರಶ್ನೆ. ಆಗ ಗುಡ್ಡ ಬೋಳು, ತೊರೆ ತೆಳು, ಮಧ್ಯಾಹ್ನದ ಬಿಸಿಲಿಗೆ ದೂರದ ಸಾಲುಗಳೆಲ್ಲ ಮಬ್ಬು. ಆದರೂ ಆ ತಿಂಗಳುಗಳನ್ನು ತಳ್ಳಿಹಾಕಲು ಮನಸ್ಸು ಬಾರದು. ಏಪ್ರಿಲಿನಲ್ಲಿ ಒಂದೆರಡು ಗುಡುಗು ಮಳೆ ಬಿದ್ದರೆ ಸುಟ್ಟ ಕಪ್ಪಿನ ನಡುವೆ ಎಳೆಹುಲ್ಲು ಏಳುತ್ತದೆ, ಅದನ್ನು ಮೇಯಲು ಕಾಟಿಗಳು, ಕಡವೆಗಳು ಶೋಲಾದಿಂದ ಹೊರಗೆ ಬರುತ್ತವೆ. ಬೆಳಿಗ್ಗೆ ಬೇಗ ಆ ಹೆದ್ದಾರಿಯಲ್ಲಿ ಹೋದರೆ, ಗುಡ್ಡದ ಬದಿಯ ಕಪ್ಪು ಬಂಡೆ ತಲೆಯೆತ್ತಿ ನೋಡಿದಾಗ ಅದು ಕಾಟಿ ಎಂದು ತಿಳಿಯುತ್ತದೆ. ಹೆಬ್ಬಲಸು ಹಣ್ಣಾಗುವ ಹೊತ್ತಿನಲ್ಲಿ ಸಿಂಗಳೀಕಗಳ ಗುಂಪು ರಸ್ತೆಗೆ ಹತ್ತಿರದ ಮರಗಳಿಗೂ ಬರುವುದುಂಟು. ಬಿಸ್ಕತ್ತು ಎಸೆಯುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಮರದ ಮೇಲೇ ಬದುಕುವ ಪ್ರಾಣಿಯನ್ನು ಡಾಂಬರಿಗೆ ಇಳಿಸಿ ಲಾರಿಯ ಚಕ್ರಕ್ಕೆ ಕೊಟ್ಟಂತೆ. ಮೇ ಕೊನೆಯಲ್ಲಿ, ಮುಂಗಾರಿಗೆ ಮುಂಚಿನ ಸೆಕೆಯ ರಾತ್ರಿಗಳಲ್ಲಿ ತೋಟದ ಅಂಚಿನ ಮರಗಳಲ್ಲಿ ಮಿಣುಕುಹುಳುಗಳು ಒಟ್ಟಿಗೇ ಹತ್ತಿ ಒಟ್ಟಿಗೇ ಆರುತ್ತವೆ. ಅದಕ್ಕೆ ಉದ್ಯಾನದೊಳಗೆ ಹೋಗಬೇಕಿಲ್ಲ, ಹೋಮ್‌ಸ್ಟೇಯ ಅಂಗಳದ ದೀಪ ಆರಿಸಿದರೆ ಸಾಕು. ಮಕ್ಕಳಿಗೆ ಶೃಂಗೇರಿಯಲ್ಲಿ ತುಂಗೆಯ ಮೀನು, ಕಳಸದ ದೇವಸ್ಥಾನ, ಸಂಸೆಯ ಚಹಾ ತೋಟ ತೋರಿಸಿ ಕಳಿಸಿ. ತುದಿ ಅವರಿಗಾಗಿ ಕಾಯುತ್ತದೆ.

ಡಿಸೆಂಬರ್, ಜನವರಿ ಬಗ್ಗೆ ಹೆಚ್ಚು ಹೇಳುವುದಿಲ್ಲ, ಎಲ್ಲರೂ ಹೇಳುತ್ತಾರೆ. ಆಕಾಶ ತೊಳೆದಿಟ್ಟಂತಿರುತ್ತದೆ, ಬೆಳಿಗ್ಗೆ ಕಣಿವೆಯಲ್ಲಿ ಕಾವಳ ಮಲಗಿರುತ್ತದೆ, ಗುಡ್ಡ ಚಿನ್ನದ ಬಣ್ಣ. ಪಡುವಣಕ್ಕೆ ಅದೃಷ್ಟವಿದ್ದರೆ ಸಮುದ್ರದ ಗೆರೆ. ಎರಡು ತೊಡಕು ಮಾತ್ರ ನೆನಪಿಡಿ. ಡಿಸೆಂಬರಿನ ಹಗಲು ಜೂನಿನ ಹಗಲಿಗಿಂತ ಒಂದೂವರೆ ಗಂಟೆ ಗಿಡ್ಡ. 20 ಕಿಲೋಮೀಟರ್ ನಡೆಯುವವರಿಗೆ ಆ ಒಂದೂವರೆ ಗಂಟೆ ಸಣ್ಣದಲ್ಲ. ಉದ್ಯಾನದೊಳಗೆ ಗುಡಾರ ಹಾಕಿ ಉಳಿಯುವಂತೆಯೂ ಇಲ್ಲ, ಕತ್ತಲೆಗೆ ಮುಂಚೆ ಕೆಳಗೆ ಇರಲೇಬೇಕು. ಇನ್ನೊಂದು, ವರ್ಷದ ಕೊನೆಯ ವಾರ ಮತ್ತು ಗಣರಾಜ್ಯೋತ್ಸವದ ರಜೆ. 2024ರ ಜನವರಿಯಲ್ಲಿ ಕುಮಾರ ಪರ್ವತದ ದಾರಿಯಲ್ಲಿ ಜನ ಜಾತ್ರೆಯಂತೆ ಕಿಕ್ಕಿರಿದ ವಿಡಿಯೋ ನೀವೂ ನೋಡಿರುತ್ತೀರಿ. ಅದಾದ ಮೇಲೆಯೇ ಸರ್ಕಾರ ಚಾರಣಗಳಿಗೆ ಆನ್‌ಲೈನ್ ಬುಕಿಂಗ್ ಬಿಗಿ ಮಾಡಿದ್ದು. ಈಗ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ಮುಂಚಿತವಾಗಿ ಟಿಕೆಟ್ ಪಡೆಯಬೇಕು, ದಿನಕ್ಕೆ ಇಷ್ಟೇ ಜನ ಎಂಬ ಮಿತಿಯಿದೆ, ಗುರುತಿನ ಚೀಟಿ ಬೇಕು. ಮೈದುನ ಮೊದಲು ಗೊಣಗಿದ. ಈಗ ಅವನೇ ‘ಇದೇ ಸರಿ, ಬರುವವರೆಷ್ಟು ಅಂತ ಹಿಂದಿನ ದಿನವೇ ಗೊತ್ತಾಗುತ್ತೆ’ ಎನ್ನುತ್ತಾನೆ.

ಹಾಗಾದರೆ ನನ್ನ ಉತ್ತರ. ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ನಡುವಿನವರೆಗೆ. ಅತ್ತೆಯ ಲೆಕ್ಕದಲ್ಲಿ ಹಸ್ತಾ, ಚಿತ್ತಾ, ಸ್ವಾತಿ.

ಈ ಆರೇಳು ವಾರ ಗುಡ್ಡದ ಎಲ್ಲ ಕಾಲಗಳೂ ಸ್ವಲ್ಪ ಸ್ವಲ್ಪ ಇರುತ್ತವೆ. ಹುಲ್ಲು ಆಳೆತ್ತರ ನಿಂತು ಬುಡದಲ್ಲಿ ಇನ್ನೂ ಹಸಿರು, ತುದಿಯಲ್ಲಿ ತೆನೆ ಒಡೆದು ಕಂದು. ಗಾಳಿ ಬೀಸಿದಾಗ ಇಡೀ ಇಳಿಜಾರು ಬಣ್ಣ ಬದಲಿಸುತ್ತದೆ: ಒಮ್ಮೆ ಹಸಿರು, ಒಮ್ಮೆ ತಾಮ್ರ. ಬಂಡೆಗಳ ಮೇಲೆ, ನೀರು ಒಸರುವ ಕಡೆಗಳಲ್ಲಿ ಕರ್ಣಕುಂಡಲದ ಗುಲಾಬಿ ಹೂಗಳ ಕೊನೆಯ ಪಾಳಿ ನಡೆದಿರುತ್ತದೆ. ಬೇಲಿಗಳಲ್ಲಿ ಅಗ್ನಿಶಿಖೆಯ ಕೆಂಪು ಹಳದಿ ಇನ್ನೂ ಅಲ್ಲೊಂದು ಇಲ್ಲೊಂದು ಉಳಿದಿರುತ್ತದೆ. ತೊರೆಗಳಲ್ಲಿ ನೀರು ತುಂಬಿದೆ, ಆದರೆ ಕೆಸರಿಲ್ಲ. ತಳದ ಕಲ್ಲು ಎಣಿಸಬಹುದು. ಹನುಮನಗುಂಡಿಯಲ್ಲಿ ಆಗಸ್ಟಿನ ಅಬ್ಬರವಿಲ್ಲದಿದ್ದರೂ ಜಲಪಾತದ ರೂಪ ಕಾಣಿಸುವುದು ಈಗಲೇ. ಆಗಸ್ಟಿನಲ್ಲಿ ಕಾಣಿಸುವುದು ಬರೀ ತುಂತುರು. ಇಂಬಳ ಕಡಿಮೆಯಾಗುತ್ತಾ ಬರುತ್ತದೆ, ಉಣುಗಿನ ಕಾಟ ಶುರುವಾಗಿರುವುದಿಲ್ಲ. ಹುಲ್ಲಿಗೆ ಬೆಂಕಿ ಹಿಡಿಯುವ ಭಯವೂ ಇಲ್ಲ. ನೋಟ ತೆರೆದುಕೊಳ್ಳುತ್ತದೆ, ಆದರೆ ಚಳಿಗಾಲದಂತೆ ದಿನವಿಡೀ ಒಂದೇ ನೋಟವಲ್ಲ. ಮೋಡ ಬಂದು ಹೋಗಿ ಬಂದು ಹೋಗಿ ಮಾಡುತ್ತದೆ. ಒಂದು ಗಳಿಗೆ ಹಳೆಯ ಗಣಿಯ ಲಕ್ಯಾ ಅಣೆಕಟ್ಟಿನ ಹಿಂದಿನ ಹೂಳಿನ ಬಯಲು ಕಾಣುತ್ತದೆ, ಮುಂದಿನ ಗಳಿಗೆ ಮುಂದಿನವನ ಟೋಪಿಯೂ ಇಲ್ಲ. ನನಗಂತೂ ಗುಡ್ಡ ಹೀಗೆ ಅರ್ಧ ಕೊಟ್ಟು ಅರ್ಧ ಮುಚ್ಚಿಕೊಂಡಾಗಲೇ ಚೆಂದ.

ಈ ಕಾಲಕ್ಕೆ ಒಂದು ಷರತ್ತು ಇದೆ, ಅದು ಗುಡುಗು. ಮುಂಗಾರಿನ ಮಳೆ ದಿನವಿಡೀ ಸುರಿದರೂ ಸಿಡಿಲು ಕಡಿಮೆ. ಚಿತ್ತಾ, ಸ್ವಾತಿಯ ಮಳೆ ಹಾಗಲ್ಲ. ಬೆಳಿಗ್ಗೆ ಚುರುಕು ಬಿಸಿಲು, ಊಟದ ಹೊತ್ತಿಗೆ ಪೂರ್ವದಲ್ಲಿ ಕರಿಮೋಡ ಎದ್ದು, ಎರಡು ಮೂರು ಗಂಟೆಗೆ ಗುಡುಗು ಸಿಡಿಲಿನೊಂದಿಗೆ ಒಂದು ಹೊಡೆತ. ಆ ಹೊತ್ತಿಗೆ ಮರವಿಲ್ಲದ ದಿಣ್ಣೆಯ ಮೇಲೆ ಎತ್ತರದ ವಸ್ತು ಎಂದರೆ ನೀವೇ. ಒಂಟಿಮರದ ಕೆಳಗೆ ಓಡಿ ನಿಲ್ಲುವುದು ಇನ್ನೂ ಕೆಟ್ಟದ್ದು. ಆದ್ದರಿಂದ ಬೆಳಿಗ್ಗೆ ಆರಕ್ಕೆ ಮುಳ್ಳೋಡಿಯಲ್ಲಿರಿ, ಹನ್ನೊಂದರೊಳಗೆ ತುದಿ ಮುಟ್ಟಿ, ಹನ್ನೆರಡಕ್ಕೆ ಇಳಿಯಲು ಶುರುಮಾಡಿ. ಹನ್ನೊಂದಕ್ಕೆ ತುದಿ ಇನ್ನೂ ದೂರವಿದ್ದರೆ ಅಲ್ಲಿಂದಲೇ ತಿರುಗಿ. ಮುಳ್ಳೋಡಿಯ ಸುತ್ತಿನ ಮಲೆಕುಡಿಯರಲ್ಲಿ ಕೆಲವರು ಮಾರ್ಗದರ್ಶಕರಾಗಿ ಬರುತ್ತಾರೆ. ಅವರು ಮೋಡದ ಕಡೆ ನೋಡಿ ‘ಸಾಕು’ ಎಂದರೆ ವಾದಿಸಬೇಡಿ.

ಇಡೀ ದಿನ ನಡೆಯಲಾಗದವರಿಗೆ ಭಗವತಿ ಪ್ರಕೃತಿ ಶಿಬಿರದ ಹತ್ತಿರದಿಂದ ಹೊರಡುವ ಕುರಿಂಜಾಲ್ ಇದೆ. ಅರ್ಧ ದಿನದ ದಾರಿ, ಬಹುಪಾಲು ಹಳೆಯ ಜೀಪು ರಸ್ತೆ, ತುದಿಯಿಂದ ಕುದುರೆಮುಖದ ಸಾಲು ಪೂರ್ತಿ ಕಾಣುತ್ತದೆ. ಐವತ್ತು ದಾಟಿದ ಗೆಳತಿಯರಿಗೆ ನಾನು ಇದನ್ನೇ ಹೇಳುವುದು. ಅವರು ಹೋಗಿ ಬಂದು ನನಗೆ ಬೈದದ್ದಿಲ್ಲ.

ಇನ್ನು ಡೇಟು. ದಸರೆಯ ಹತ್ತು ದಿನ ಶೃಂಗೇರಿ, ಹೊರನಾಡು ಎರಡೂ ಕಡೆ ನವರಾತ್ರಿ. ಕಳಸದಲ್ಲಿ ಕೋಣೆ ಸಿಗುವುದಿಲ್ಲ, ಸಿಕ್ಕಿದರೂ ಬೆಲೆ ಕೇಳಿ ಬೆವರು ಬರುತ್ತದೆ. ದೀಪಾವಳಿಯ ವಾರಾಂತ್ಯವೂ ಹಾಗೇ. ಈ ಎರಡು ಹಬ್ಬಗಳ ನಡುವೆ ಉಳಿಯುವ ಎರಡು ಮೂರು ವಾರಗಳಲ್ಲಿ ಒಂದು ಮಂಗಳವಾರವನ್ನೋ ಬುಧವಾರವನ್ನೋ ಆರಿಸಿ ಬುಕ್ ಮಾಡಿ. ಹಿಂದಿನ ದಿನ ಸಂಸೆಯಲ್ಲೋ ಕಳಸದಲ್ಲೋ ಉಳಿಯಿರಿ, ರಾತ್ರಿ ಬಸ್ಸಿಳಿದು ನಿದ್ದೆಗಣ್ಣಿನಲ್ಲೇ ಗುಡ್ಡ ಹತ್ತಬೇಡಿ. ರಜೆ ಸಿಗದೆ ಶನಿವಾರವೇ ಬರಬೇಕಾದರೆ ನವೆಂಬರ್ ಎರಡನೇ ವಾರಕ್ಕೆ ಹಾಕಿಕೊಳ್ಳಿ. ಹುಲ್ಲಿನ ಹಸಿರು ಅರ್ಧ ಹೋಗಿರುತ್ತದೆ, ಆದರೆ ಮಳೆಗಾಲದ ಗುಂಪುಗಳೂ ಹೋಗಿರುತ್ತವೆ, ವರ್ಷಾಂತ್ಯದವು ಇನ್ನೂ ಬಂದಿರುವುದಿಲ್ಲ. ಜೀಪಿನವರಿಗೂ ನಿಮ್ಮ ಜೊತೆ ನಾಲ್ಕು ಮಾತಾಡಲು ಪುರುಸೊತ್ತಿರುತ್ತದೆ.